ಅಳಿಲಿನ ಬುತ್ತಿ

ಅಳಿಲೆಂದೊಡನೆ ನಮ್ಮ ಮನೆಗಳಲ್ಲಿ ಸೇತುವೆಯ ಕಥೆಯೂ ಬೆನ್ನಿನ ಮೂರು ಗೆರೆಗಳೂ ನೆನಪಿಗೆ ಬರುವುವು. ಆದರೆ ಆ ಪುಟ್ಟ ಪ್ರಾಣಿಯು ವರ್ಷದ ಹನ್ನೆರಡು ತಿಂಗಳೂ ಏನನ್ನು ತಿಂದು ಬದುಕುವುದೆಂದು ವಿಚಾರಿಸುವವರು ವಿರಳ. ನಾನು ಸೇರಿದ ಮನೆ ಅರಸೀಕೆರೆಯ ಬಯಲಿನ ತೆಂಗಿನ ತೋಟ. ತವರು ಬೇಲೂರಿನ ಪಡುವಲಲ್ಲಿರುವ ಕಾಫಿಯ ತೋಟ. ಹಳೇಬೀಡಿನ ದಾರಿಯಾಗಿ ಇವೆರಡರ ನಡುವೆ ಹೋಗಿಬರುವ ನನಗೆ ಈ ಪ್ರಶ್ನೆ ಎರಡು ಕಡೆಯಲ್ಲಿಯೂ ಎದುರಾಗಿದೆ.

ತೆಂಗು ಹೆಚ್ಚುಕಡಮೆ ತಿಂಗಳಿಗೊಂದು ಹೊಂಬಾಳೆಯನ್ನು ಬಿಡುವುದು. ಅದರ ಕಾಯಿ ಬಲಿಯಲು ಸುಮಾರು ೧೨ ತಿಂಗಳು ಬೇಕು. ಹೊಂಬಾಳೆಯಾದರೋ ಹೊರಗೆ ಕಾಣಿಸುವುದಕ್ಕೆ ಎರಡು ವರ್ಷಗಳಿಗೂ ಮೊದಲೇ ಮರದ ಸುಳಿಯೊಳಗೆ ಮೊಳೆತಿರುವುದು. ಆದುದರಿಂದ ಬರಗಾಲದ ಪೆಟ್ಟು, ಮತ್ತೆ ಮಳೆ ಬಂದು ಕೆರೆ ತುಂಬಿದ ಮೇಲೂ ಒಂದೆರಡು ವರ್ಷ ಫಸಲಿನಲ್ಲಿ ಕಾಣುತ್ತಲೇ ಇರುವುದು. ನಮ್ಮ ಅತ್ತೆಯವರು ಇದನ್ನು, “ಮರ ಹಿಂದಿನ ಸಾಲ ತೀರಿಸುತ್ತಿದೆ ಕಣಮ್ಮ” ಎನ್ನುವರು.

ಶೀತದೇಶಗಳ ಪೈನ್ ಮರಗಳ ಧರ್ಮವೂ ಇಂತಹದೇ. ಹುರುಪೆಗಳನ್ನು ಹೊದ್ದ ಅದರ ಕಾಯಿ ಹೂಬಿಟ್ಟ ವರ್ಷವೇ ಬಲಿಯದು. ಯುರೋಪಿನ ಸ್ಕಾಟ್ಸ್ ಪೈನಿನಲ್ಲಿ ಎರಡನೆಯ ವರ್ಷದ ಶರತ್ಕಾಲಕ್ಕೆ ಬಲಿಯುವುದು. ಬಿಸಿಲು ಕಾಣುವ ನೆತ್ತಿಯುಳ್ಳ ಮರ ಹೆಚ್ಚು ಕಾಯಿ ಬಿಡುವುದು. ಒತ್ತಾಗಿ ಬೆಳೆದು ನೆರಳಿಗೆ ಸಿಕ್ಕಿದ ಮರ ಕಡಮೆ. ಒಂದು ವರ್ಷ ಕಾಡೆಲ್ಲ ಕಾಯಿಯಾದರೆ ಇನ್ನೊಂದು ವರ್ಷ ಬರಿದು. ಅಲ್ಲಿಯ ಕೆಂಪು ಅಳಿಲು, ನಾವು ಮುಸುಕಿನ ಜೋಳವನ್ನು ತಿನ್ನುವಂತೆ, ಹುರುಪೆಗಳನ್ನು ಕಡಿದು ಬೀಜ ತಿಂದು ದಿಂಡನ್ನು ಕೆಳಕ್ಕೆ ಬಿಸುಡುವುದು. ಕಾಯಿಯಿಲ್ಲದ ವರ್ಷ ಮೊಗ್ಗು, ತೊಗಟೆ, ಅಣಬೆಗಳಿಂದ ಕಾಲ ನೂಕಬೇಕು; ಮರಿಗಳ ಸಂಖ್ಯೆಯೂ ಇಳಿಯುವುದು.

ನಮ್ಮ ಮಲೆನಾಡಿನಲ್ಲಿ ಪೈನ್ ತಾನಾಗಿ ಬೆಳೆಯದು. ಇಲ್ಲಿ ಅಳಿಲಿನ ಬುತ್ತಿಯನ್ನು ಕಟ್ಟಿಕೊಡುವುದು ಹಲವು ಜಾತಿಯ ಮರಗಳ ಸರದಿ. ನೇರಳೆ ಮುಗಿದರೆ ಇನ್ನೊಂದು, ಅದು ಮುಗಿದರೆ ಮತ್ತೊಂದು. ಯಾವುದೂ ಇಲ್ಲದಾಗ ಅತ್ತಿ, ಆಲ, ಬಸರಿ. ಅತ್ತಿಯ ಹಣ್ಣು ನೋಡಲು ಚೆಂದ, ಒಡೆದರೆ ಹುಳುವೆಂದು ಗಾದೆ ಹಳಿಯುವುದಷ್ಟೆ. ಆ ಹುಳುಗಳಲ್ಲಿ ಒಂದು ಬಗೆಯ ಕಿರುಕಣಜವೇ ಒಳಗಡಗಿದ ಹೂಗಳನ್ನು ಫಲಗೊಳಿಸುವುದು. ಹೊರಗೆ ಅದರ ಆಯುಸ್ಸು ಒಂದೆರಡು ದಿನ ಮಾತ್ರ. ಆದುದರಿಂದ ಆ ಜಾತಿಯ ಒಂದಲ್ಲ ಒಂದು ಮರ ಸದಾ ಕಾಯಿ ಹಿಡಿದಿದ್ದರೇ ಕಣಜದ ವಂಶ ಉಳಿದೀತು. ಬೇರೆ ಮರಗಳೆಲ್ಲ ಬರಿಗೈಯಾದಾಗಲೂ ಅತ್ತಿಯ ಕುಲದಲ್ಲಿ ಹಣ್ಣು ಸಿಗುವುದರ ರಹಸ್ಯವಿದು.

ತವರಿನ ತೋಟದಲ್ಲಿಯೂ ಅಂತಹ ಒಂದು ಹಳೆಯ ಅತ್ತಿಮರವಿದೆ. ಕೆಂದಳಿಲು ಅದಕ್ಕೆ ಬರುವುದುಂಟು. ಮೊಳಕ್ಕೂ ಉದ್ದವಾದ ಬಾಲದ ಆ ದೊಡ್ಡ ಅಳಿಲು ನೆಲಕ್ಕಿಳಿಯುವುದು ಅಪರೂಪ. ಕೊಂಬೆಯಿಂದ ಕೊಂಬೆಗೆ ಇಪ್ಪತ್ತು ಅಡಿ ನೆಗೆದು ಸಾಗುವುದು. ಮರಗಳ ನೆತ್ತಿಗಳು ಒಂದಕ್ಕೊಂದು ಸಮೀಪವಿದ್ದರೆ ಮಾತ್ರ ಅದಕ್ಕೆ ದಾರಿಯುಂಟು.

ಆ ಮರವನ್ನು ತೆಗೆಸಿ ಸಿಲ್ವರ್ ಓಕ್ ನೆಡಬೇಕೆಂದು ಅಣ್ಣನ ಆಲೋಚನೆ. ಅದು ಬೇಗ ಬೆಳೆಯುವುದು, ಮೆಣಸಿನ ಬಳ್ಳಿಗೆ ಆಸರೆಯಾಗುವುದು, ಮರ ಮಾರಿದರೆ ಹಣ ಬರುವುದು. ೧೯೭೬ರ ಮರ ಸಂರಕ್ಷಣಾ ಕಾಯಿದೆಯಂತೆ ಅದನ್ನು ಕಡಿಯಲು ಅಪ್ಪಣೆಯೂ ಬೇಕಿಲ್ಲ. ಕಾಡುಮರ ಕಡಿಯಲು ಅರ್ಜಿ ಹಾಕಬೇಕು. “ಮಗಳ ಓದಿನ ಹಣ ಅಳಿಲು ತಂದುಕೊಡುವುದೇ?” ಎಂದು ಅವನು ಕೇಳಿದನು. ಅವನ ಪ್ರಶ್ನೆ ಹುಸಿಯಲ್ಲ. ಫಸಲು ಕೈಕೊಟ್ಟ ವರ್ಷ ಕಾಫಿಯ ಮನೆಗಳ ಕಷ್ಟವನ್ನು ಉಂಡವರೇ ಬಲ್ಲರು.

ಆದರೆ ಆಸ್ಟ್ರೇಲಿಯದಿಂದ ಬಂದ ಆ ಮರದಲ್ಲಿ ತಿರುಳುಳ್ಳ ಹಣ್ಣಿಲ್ಲ. ಇರುವುದು ತೆಳ್ಳನೆಯ ರೆಕ್ಕೆಬೀಜ. ಕೊಂಬೆ ಸವರಿ ಕಂಬದಂತೆ ನಿಲ್ಲಿಸಿದ ಸಾಲಿನಲ್ಲಿ ಕೆಂದಳಿಲಿಗೆ ದಾರಿಯೂ ಇಲ್ಲ, ಗೂಡಿಗೆ ಕವಲೂ ಇಲ್ಲ. ದೂರದಿಂದ ನೋಡಿದರೆ ಎಲ್ಲವೂ ಹಸಿರೇ. ಬುತ್ತಿ ಮಾತ್ರ ಬರಿದು. ಅವ್ವ ಇಷ್ಟೆಲ್ಲ ಹೇಳಲಿಲ್ಲ. “ಬಳ್ಳಿ ಹಬ್ಬಿಸುವುದಕ್ಕೆ ಹಲಸಿನ ಮರ ಇಲ್ಲವೇನಪ್ಪ?” ಎಂದು ಕೇಳಿದಳು. ಅಣ್ಣನು ಸಿಲ್ವರ್ ಓಕ್ ಸಸಿಗಳನ್ನು ಬೇಲಿಯಂಚಿಗೆ ನೆಡಿಸಿ, ಒಳಗಿನ ಹಲಸಿಗೆ ಮೆಣಸನ್ನು ಹಬ್ಬಿಸಿದ್ದಾನೆ. ಅತ್ತಿಮರ ನಿಂತಿದೆ, ಮುಂದಿನ ಧಾರಣೆ ಏನು ಹೇಳುವುದೋ ಕಾಣೆವು.

ಸಂಸಾರ ನಡೆಸುವವರಿಗೆ ಈ ತತ್ತ್ವ ಹೊಸದಲ್ಲ. ಒಂದೇ ಧಾನ್ಯವನ್ನು ನಂಬಿ ಕಣಜ ತುಂಬುವ ಗೃಹಿಣಿಯುಂಟೆ? ರಾಗಿಯ ಜೊತೆಗೆ ಹುರುಳಿ, ಅವರೆ. ಮಳೆಗಾಲಕ್ಕೆಂದು ಹಪ್ಪಳ, ಸಂಡಿಗೆ. ಕಾಡೂ ಹಾಗೆಯೇ ಉಗ್ರಾಣವಿಟ್ಟಿದೆ. ತೋಟದಲ್ಲಿ ಮರವೊಂದನ್ನು ತೆಗೆಯುವ ಮುನ್ನ, ಅದು ಯಾವ ತಿಂಗಳಿನಲ್ಲಿ ಯಾರಿಗೆ ಉಣಿಸುವುದೆಂದು ಒಮ್ಮೆ ಲೆಕ್ಕ ಹಾಕಿದರೆ, ಅದೇ ನಾವು ಅಳಿಲಿಗೆ ಸಲ್ಲಿಸಬಹುದಾದ ಸೇವೆ.