ದಿಂಬಿನ ಕವರೂ ಒಂದು ಕರವಸ್ತ್ರವೂ

ಅಮ್ಮ ಕಸೂತಿ ಹಾಕಿದ ಒಂದು ಜೊತೆ ದಿಂಬಿನ ಕವರು ಇನ್ನೂ ನನ್ನ ಟ್ರಂಕಿನಲ್ಲಿವೆ. ಎರಡು ಗಿಳಿ, ನಡುವೆ ಗುಲಾಬಿ, ಕೆಳಗೆ ಇಂಗ್ಲಿಷಿನಲ್ಲಿ 'ಸ್ವೀಟ್ ಡ್ರೀಮ್ಸ್'. ಅಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪಕ್ಕದ ಮನೆಯವರ ದಿಂಬಿನಿಂದ ಕಾರ್ಬನ್ ಹಾಳೆಯಿಟ್ಟು ಇಳಿಸಿಕೊಂಡದ್ದು. ಅವಳ ಹೆಸರು ಮಾತ್ರ ಅದರಲ್ಲಿ ಎಲ್ಲೂ ಇಲ್ಲ. ಇಷ್ಟು ವರ್ಷ ಅದು ನನ್ನ ಗಮನಕ್ಕೇ ಬಂದಿರಲಿಲ್ಲ.

ಬಂದದ್ದು ಬೇಸಿಗೆ ರಜೆಯಲ್ಲಿ ಇಂಗ್ಲೆಂಡಿನ ಮಗಳ ಮನೆಗೆ ಹೋದಾಗ. ಸಸೆಕ್ಸ್ ಸೀಮೆಯ ವೆಸ್ಟ್ ಹೋತ್ಲೈ ಎಂಬ ಹಳ್ಳಿಯಲ್ಲಿ ಪ್ರೀಸ್ಟ್ ಹೌಸ್ ಎಂಬ ಹಳೆಯ ಮನೆಯೊಂದು ಈಗ ವಸ್ತುಸಂಗ್ರಹಾಲಯವಾಗಿದೆ. ಅಲ್ಲೊಂದು ಕರವಸ್ತ್ರ. ಅದರ ಮೇಲೆ ಹೂವಿಲ್ಲ, ಗಿಳಿಯಿಲ್ಲ; ಬಣ್ಣದ ದಾರದಲ್ಲಿ 66 ಹೆಂಗಸರ ಸಹಿಗಳು! 1912ರ ಮಾರ್ಚಿನಲ್ಲಿ ಮತದ ಹಕ್ಕು ಕೇಳಿ ಲಂಡನ್ನಿನ ಅಂಗಡಿಗಳ ಗಾಜು ಒಡೆದು ಹಾಲೊವೇ ಜೈಲಿಗೆ ಹೋದವರು ಅವರು. ಮೂವತ್ತು ವರ್ಷ ಶಿಸ್ತಿನ ಪಾಠ ಹೇಳಿದ ನನಗೆ ಗಾಜು ಒಡೆಯುವವರನ್ನು ಹೊಗಳಲು ನಾಲಿಗೆ ತಡವರಿಸುತ್ತದೆ. ಆದರೆ ಉಪವಾಸ ಕೂತ ಹಲವರ ಬಾಯಿಗೋ ಮೂಗಿಗೋ ಕೊಳವೆ ತುರುಕಿ ಆಹಾರ ಇಳಿಸಿದರೆಂದು ಓದಿದ ಮೇಲೆ ಆ ಗಾಜಿನ ಮಾತು ಸಣ್ಣದೆನಿಸಿತು. ಹೊಲಿಗೆ ತಾನೆ, ಹೆಂಗಸರು ಮಾಡಿಕೊಳ್ಳಲಿ ಎಂದು ಕಾವಲಿನವರು ಸುಮ್ಮನಿದ್ದಿರಬೇಕು. ಎಷ್ಟೋ ವರ್ಷದ ಮೇಲೆ ಈ ಕರವಸ್ತ್ರ ಹಳ್ಳಿಯ ಹಳೆಸಾಮಾನಿನ ಮಾರಾಟದಲ್ಲಿ, ಇನ್ನೇನು ಬೆಂಕಿಗೆ ಹೋಗಬೇಕು ಎನ್ನುವಾಗ, ಯಾರದೋ ಕಣ್ಣಿಗೆ ಬಿತ್ತಂತೆ.

ಆ ದೇಶದ ಹೆಂಗಸರು ಮನೆಯ ವಸ್ತುವನ್ನೇ ಆಯುಧ ಮಾಡಿಕೊಂಡದ್ದು ಅದೇ ಮೊದಲಲ್ಲ. ವೆಸ್ಟ್ ಇಂಡೀಸಿನಲ್ಲಿ ಗುಲಾಮರ ಬೆವರಿನಿಂದ ಬರುತ್ತಿದ್ದ ಸಕ್ಕರೆ ಬೇಡವೆಂದು 1790ರ ದಶಕದಲ್ಲೇ ಸಾವಿರಾರು ಮನೆಗಳು ಅದನ್ನು ಬಿಟ್ಟಿದ್ದವು. 1820ರ ದಶಕದಲ್ಲಿ ಹೆಂಗಸರು ಮತ್ತೆ ಬಾಗಿಲು ಬಾಗಿಲಿಗೆ ಹೋಗಿ ಅದನ್ನೇ ಹೇಳಿದರು. ಆ ಕಾಲದ ಸಕ್ಕರೆ ಬಟ್ಟಲೊಂದು ಬ್ರಿಟಿಷ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ; ನಾನು ನೋಡಿದ್ದು ಅದರ ಚಿತ್ರ. ಇದು ಗುಲಾಮರು ಮಾಡದ ಈಸ್ಟ್ ಇಂಡಿಯಾ ಸಕ್ಕರೆ ಎಂದು ಅದರ ಮೇಲೆ ಬರೆದಿದೆ. ಚಹಾಕ್ಕೆ ಬಂದವರು ಓದದೆ ಚಮಚ ಹಾಕುವ ಹಾಗಿಲ್ಲ.

ಈಸ್ಟ್ ಇಂಡಿಯಾ ಎಂದರೆ ನಾವೇ! ಒಂದು ಕ್ಷಣ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ನಮ್ಮಲ್ಲೇನು ಜೀತದಾಳುಗಳಿರಲಿಲ್ಲವೆ? ಗುಲಾಮಗಿರಿಯನ್ನು ರದ್ದು ಮಾಡಿದ 1833ರ ಕಾಯಿದೆ ಕಂಪನಿಯ ಸೀಮೆಗಳನ್ನು ಹೊರಗಿಟ್ಟಿತ್ತು. ನಮ್ಮಲ್ಲಿ ಕಾನೂನು ಬಂದದ್ದು 1843ರಲ್ಲಿ. ಬಟ್ಟಲಿನ ಆ ಮಾತು ಒಳ್ಳೆಯ ಮನಸ್ಸಿನದು, ಪೂರ್ತಿ ನಿಜದ್ದಲ್ಲ.

ಆ 1833ರಲ್ಲೇ ಗುಲಾಮಗಿರಿಯ ವಿರುದ್ಧ 1 ಲಕ್ಷ 87 ಸಾವಿರ ಹೆಂಗಸರು ಸಹಿ ಹಾಕಿದ ಒಂದು ಮನವಿ ಪಾರ್ಲಿಮೆಂಟಿಗೆ ಹೋಯಿತು. ಓಟಿಲ್ಲದವರ ಕೈಯಲ್ಲಿದ್ದದ್ದು ಸಹಿಯೊಂದೇ. ಅವರ ಮೊಮ್ಮಕ್ಕಳ ಕಾಲಕ್ಕೆ, 1918ರಲ್ಲಿ, ಮೂವತ್ತು ದಾಟಿದ, ಆಸ್ತಿಯ ಅರ್ಹತೆಯುಳ್ಳವರಿಗೆ ಓಟು ಬಂತು. ಗಂಡಸರ ಸಮಕ್ಕೆ ಬರಲು 1928 ಆಗಬೇಕಾಯಿತು.

ನಮಗೆ ಓಟು ಸಂವಿಧಾನದ ಜೊತೆಗೇ ಬಂತು. ಹೆಸರು ಬರಲಿಲ್ಲ, ಅಷ್ಟೆ. 1951–52ರ ಮೊದಲ ಮಹಾಚುನಾವಣೆಯ ಪಟ್ಟಿ ತಯಾರಿಸುವಾಗ, ಮುಖ್ಯವಾಗಿ ಉತ್ತರದ ರಾಜ್ಯಗಳಲ್ಲಿ, ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಹೇಳಿದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ನಮ್ಮಜ್ಜಿಯೂ ಹೆಸರು ಬರೆದುಕೊಳ್ಳಲು ಬಂದವರ ಮುಂದೆ ಬಾಯಿಬಿಡದೆ ಬಾಗಿಲ ಹಿಂದೆ ನಿಂತಿದ್ದಳಂತೆ. ತಾತ ಇದ್ದದ್ದರಿಂದ ಹೆಸರು ಸೇರಿತು. "ಅವರಿಗೆ ನನ್ನ ಹೆಸರು ನೆನಪಿದೆಯೆಂದು ಅವತ್ತೇ ಗೊತ್ತಾದದ್ದು ಕಣೆ" ಎಂದು ನಗುತ್ತಿದ್ದಳು. ನಾವೂ ನಗುತ್ತಿದ್ದೆವು.

ಊರಿಗೆ ಬಂದವಳೇ ಟ್ರಂಕು ತೆಗೆದೆ. ಗಿಳಿಗಳ ಕೆಳಗೆ ಅಮ್ಮನ ಸಹಿ ಹೊಲಿದುಬಿಡೋಣ ಎಂದು ಸೂಜಿಗೆ ಕೆಂಪು ದಾರವನ್ನೂ ಪೋಣಿಸಿದೆ. ಆಮೇಲೆ ಹೊಳೆಯಿತು, ಅಮ್ಮನ ಸಹಿ ಹೇಗಿತ್ತೆಂದು ನನಗೆ ಗೊತ್ತಿಲ್ಲ. ನಮ್ಮ ಪ್ರೋಗ್ರೆಸ್ ಕಾರ್ಡಿಗೆಲ್ಲ ಅಪ್ಪನೇ ಸಹಿ ಹಾಕುತ್ತಿದ್ದರು. ಅಮ್ಮನ ಅಕ್ಷರವೆಂದರೆ ಕ್ಯಾಲೆಂಡರಿನಲ್ಲಿ ಬರೆದ ಹಾಲಿನ ಲೆಕ್ಕ. ಅವಳ ಹೆಸರಿನಲ್ಲಿ ಪೋಸ್ಟಾಫೀಸಿನ ಪಾಸ್‌ಬುಕ್ಕೊಂದು ಇದ್ದ ನೆನಪು. ತಮ್ಮನಿಗೆ ಫೋನು ಮಾಡಿ ಕೇಳಿದೆ. ಅಟ್ಟದ ಮೇಲಿನ ಕಾಗದಗಳಲ್ಲಿ ಹುಡುಕುತ್ತೇನೆ ಅಂದಿದ್ದಾನೆ. ಸೂಜಿಯನ್ನು ದಾರದ ಸಮೇತ ದಿಂಬಿನ ಕವರಿಗೇ ಚುಚ್ಚಿಟ್ಟಿದ್ದೇನೆ.