ಮೋತಿಯೊಡನೆ ಮೂರು ದಿನ

ಪ್ರವಾಸವೆಂದರೆ ಬಸ್ಸು ಹತ್ತಿ ದೂರ ಹೋಗುವುದೆಂದೇ ನಮ್ಮ ಮಕ್ಕಳ ತಿಳಿವಳಿಕೆ. ಕಾಲ್ನಡಿಗೆಯ ದೂರದಲ್ಲೂ ನೋಡುವಂಥದ್ದು ಬೇಕಾದಷ್ಟಿದೆ. 2024ರ ಎಳ್ಳಮಾವಾಸ್ಯೆ ಡಿಸೆಂಬರ್ 30, ಸೋಮವಾರ ಬಂದಿತ್ತು. ಶನಿವಾರ ಬೆಳಗಿನ ಶಾಲೆ ಮುಗಿಸಿ ಒಂಬತ್ತನೇ ತರಗತಿಯ ಮೂವರು ಹುಡುಗರು, ಒಬ್ಬನ ತಂದೆ ಹಾಗೂ ನಾನು ಬೀದರಿನ ಪಕ್ಕದ ಕೊಳಾರಕ್ಕೆ ಹೊರಟೆವು. ಜೊತೆಗೆ ನಮ್ಮ ಮನೆಯ ನಾಯಿ ಮೋತಿ. ಪರಿಚಿತ ರೈತರ ಹೊಲದಲ್ಲಿ ತಾಡಪತ್ರಿ ಕಟ್ಟಿ ಮಲಗುವ ಏರ್ಪಾಡಾಯಿತು.

ಮರುದಿನ ಬೆಳಿಗ್ಗೆ ನೌಬಾದಿನ ಕಡೆ ನಡೆದೆವು. ಬೀದರ್ ಪ್ರಸ್ಥಭೂಮಿಯ ಎತ್ತರ ಸುಮಾರು 2,200 ಅಡಿ. ಮೇಲೆ ರಂಧ್ರಗಳಿರುವ ಕೆಂಪು ಜಂಬಿಟ್ಟಿಗೆ ಕಲ್ಲು, ಕೆಳಗೆ ಗಟ್ಟಿಯಾದ ಕಪ್ಪು ಕಲ್ಲು. ಮಳೆನೀರು ಕೆಂಪು ಕಲ್ಲಿನಲ್ಲಿ ಇಂಗಿ, ಕಪ್ಪು ಕಲ್ಲು ಅಡ್ಡಬಂದಲ್ಲಿ ಝರಿಯಾಗಿ ಹೊರಬರುತ್ತದೆ. ನರಸಿಂಹ ಝರಣಿಯ ನೀರಿನ ಗುಟ್ಟೂ ಇದೇ. ಈ ನೆಲದ ಗುಣವರಿತೇ 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರ ಕಾಲದವರು ಪರ್ಷಿಯಾದ ವಿದ್ಯೆಯಿಂದ ಕರೇಜ್ ಎಂಬ ಸುರಂಗ ಕಾಲುವೆ ತೋಡಿಸಿದರು. ಅದರ ಗಾಳಿಬಾವಿಗಳು ನೌಬಾದಿನಲ್ಲಿ ಸಾಲಾಗಿ ಕಾಣುತ್ತವೆ. ಬಾವಿಯ ಬಳಿ ಮೋತಿಯ ಹಗ್ಗವನ್ನು ನಾನು ಕೈಗೆ ಸುತ್ತಿಕೊಂಡೇ ನಿಂತೆ.

ಬಿಸಿಲೇರಿತು. ಮೋತಿ ನಾಲಿಗೆ ಚಾಚಿ ತೇಕತೊಡಗಿತು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ, ಬಾಯಿಯ ತೇವ ಆವಿಯಾಗುವಾಗ ದೇಹದ ಶಾಖವನ್ನು ಒಯ್ಯುತ್ತದೆ. ಆದ್ದರಿಂದ ನಮ್ಮ ನೀರಿನೊಡನೆ ಅದರ ನೀರನ್ನೂ ಹೊರಬೇಕು.

ಸಂಜೆ ಹೊಲಕ್ಕೆ ಮರಳಿದಾಗ, ಪಾಪ, ದಿನವಿಡೀ ಕಟ್ಟಿಹಾಕಿದ್ದೇನೆಂದು ಹಗ್ಗ ಬಿಚ್ಚಿದೆ. ತೊಗರಿ ಸಾಲಿನಾಚೆ ಕೃಷ್ಣಮೃಗಗಳ ಹಿಂಡು ಮೇಯುತ್ತಿತ್ತು. ನಾನು ನೋಡಿರಲಿಲ್ಲ, ಮೋತಿ ನೋಡಿತು. ಕ್ಷಣದಲ್ಲಿ ಹಿಂಡು ಚಿಮ್ಮಿ ಓಡಿತು. ದೊಡ್ಡವುಗಳನ್ನು ನಾಯಿ ಹಿಡಿಯಲಾರದು. ಆದರೆ ಒಂದು ಮರಿ ಹಿಂದುಳಿದಿತ್ತು. ಕೂಗಿದೆವು, ಓಡಿದೆವು. ಅಷ್ಟರಲ್ಲಿ ಎರಡೂ ಕಣ್ಮರೆಯಾದವು.

ಅರ್ಧ ಗಂಟೆಯ ಮೇಲೆ ಮೋತಿ ಕುಂಟುತ್ತ ಬಂತು. ಹರಳು ಚುಚ್ಚಿ ಅಂಗಾಲು ಹರಿದಿತ್ತು. ಬಾಯಿಗೆ ರಕ್ತ ಹತ್ತಿರಲಿಲ್ಲ. ಮರಿ ಉಳಿಯಿತೆಂದುಕೊಂಡೆ. ತಾಯಿಯನ್ನು ಕೂಡಿಕೊಂಡಿತೋ ಇಲ್ಲವೋ, ಇಂದಿಗೂ ಗೊತ್ತಿಲ್ಲ. ಮೋತಿಯನ್ನು ಗದರಿಸಲು ಕೈ ಎತ್ತಿದಾಗ ಒಬ್ಬ ಹುಡುಗ ಮೆಲ್ಲಗೆ ಅಂದ: “ಸರ್, ನಾಯಿದೇನು ತಪ್ಪದರಿ? ಬಿಟ್ಟೋರು ನೀವೇ ಅಲ್ಲರಿ?”

ಉತ್ತರವಿರಲಿಲ್ಲ. “ಹೌದಪ್ಪ, ತಪ್ಪು ನನ್ನದೇ” ಎಂದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೃಷ್ಣಮೃಗಕ್ಕೆ ರಕ್ಷಣೆ ಕೊಟ್ಟಿದೆಯೆಂದು ತರಗತಿಯಲ್ಲಿ ಎಷ್ಟೋ ಬಾರಿ ಹೇಳಿದ್ದೇನೆ. ಪಾಠ ಹೇಳುವುದು ಸುಲಭ.

ರಾತ್ರಿ ಚಂದ್ರನಿಲ್ಲದ ಆಕಾಶದಲ್ಲಿ ನಕ್ಷತ್ರಗಳು ತುಂಬಿದ್ದವು. ಆಗ್ನೇಯದಲ್ಲಿ ಅತಿ ಪ್ರಕಾಶದ ಲುಬ್ಧಕವನ್ನು ತೋರಿಸಿದೆ. ಭೂಮಿಯಿಂದ 8.6 ಜ್ಯೋತಿರ್ವರ್ಷ ದೂರ. ಪಾಶ್ಚಾತ್ಯರಿಗೆ ಅದು ಮಹಾಶ್ವಾನದ ನಕ್ಷತ್ರ. ನಮ್ಮ ಹಿರಿಯರಿಗೆ ಮೃಗಶಿರದ ಜಿಂಕೆಯ ಬೆನ್ನುಹತ್ತಿದ ಬೇಟೆಗಾರ. ಹುಡುಗರು ನನ್ನ ಮುಖ ನೋಡಿ ನಕ್ಕರು. ನಾನೂ ನಕ್ಕೆ.

ಸೋಮವಾರ ಹೊಲದ ತುಂಬ ಜನ. ರೈತರ ಮನೆಯವರು ಚರಗ ಚೆಲ್ಲಿ ನಮಗೆ ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಬಡಿಸಿದರು. ಉಳ್ಳಾಗಡ್ಡಿ ನಾಯಿಗೆ ಆಗದು. ಮೋತಿಗೆ ಬರೀ ರೊಟ್ಟಿ.

ಪಾಲಕರು ಮಕ್ಕಳನ್ನು ಇಂಥ ತಿರುಗಾಟಕ್ಕೆ ಅಗತ್ಯವಾಗಿ ಕಳಿಸಲಿ, ನಾಯಿಯೂ ಜೊತೆಗಿರಲಿ. ಹೊರಡುವ ಮೊದಲು ಅದಕ್ಕೆ ರೇಬೀಸ್ ಲಸಿಕೆ ಹಾಕಿಸಿರಬೇಕು, ಹೊಲದವರ ಒಪ್ಪಿಗೆ ಪಡೆದಿರಬೇಕು. ಹಗ್ಗವೊಂದನ್ನು ಮಾತ್ರ ಊರು ಮುಟ್ಟುವವರೆಗೆ ಬಿಚ್ಚಬಾರದು. ಮರಳುವಾಗ ಆ ಹಗ್ಗವನ್ನು ನನ್ನ ಕೈಗೆ ಕೊಡಲು ಹುಡುಗರು ಒಪ್ಪಲಿಲ್ಲ.