ಹಳೆಯ ಕಾರಿನ ಹಳೆಯ ರಸೀದಿಗಳು

ನಮ್ಮ ಚಿಕ್ಕಜಾಲದ ಕಡೆ ಹಿಂದೆಲ್ಲ ಹಳೆಯ ಕಾರು ಕೊಳ್ಳುವವರು ಕಾಗದಪತ್ರಗಳನ್ನು ನೋಡುತ್ತಿದ್ದುದು ಕಡಿಮೆ. ಕಾರುಗಳೇ ಬೆರಳೆಣಿಕೆಯಷ್ಟಿದ್ದವು. ಯಾರ ಅಂಬಾಸಿಡರ್ ಯಾವ ಮದುವೆಯ ದಿಬ್ಬಣದಲ್ಲಿ ಕೆಟ್ಟು ನಿಂತಿತು, ಯಾರ ಪದ್ಮಿನಿಯ ಎಂಜಿನ್ನನ್ನು ಎಷ್ಟು ಸಲ ಬಿಚ್ಚಿದರು ಎಂಬುದೆಲ್ಲ ಯಲಹಂಕದ ಮೆಕ್ಯಾನಿಕ್ಕುಗಳಿಗೆ ಬಾಯಿಪಾಠವಾಗಿತ್ತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಸ್ವರೂಪವೇ ಬದಲಾಯಿತು. ನಮ್ಮೂರ ಹಳೆಯ ಕೋಟೆಯ ಮುಂದೆ ಹಗಲು ರಾತ್ರಿ ಹರಿಯುವ ಸಾವಿರಾರು ಕಾರುಗಳ ಪೂರ್ವಾಪರ ಯಾವ ಮೆಕ್ಯಾನಿಕ್ಕಿಗೆ ತಾನೇ ತಿಳಿದೀತು? ಈಗ ಕಾರಿನ ಚರಿತ್ರೆಯನ್ನು ರಸೀದಿಗಳಲ್ಲಿಯೇ ಓದಬೇಕು.

ಹೀಗೆ ಓದುವ ಸಂದರ್ಭವೊಂದು 2025ರ ಜನವರಿಯಲ್ಲಿ ನನಗೆ ಒದಗಿ ಬಂತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು, "ಸಾರ್, ಒಂದು ಕಾರು ನೋಡಿದ್ದೇನೆ, ನೀವೂ ಬಂದು ಕಾಗದ ನೋಡಬೇಕು" ಎಂದ. ಅವನ ತಾಯಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಹೆಬ್ಬಾಳದ ಕಡೆಯ ಆಸ್ಪತ್ರೆಗೆ ಅಷ್ಟು ದಿನವೂ ಬಾಡಿಗೆ ವಾಹನ ಹಿಡಿದು ಅವನು ಸೋತಿದ್ದ. ಕೈಯಲ್ಲಿದ್ದುದು ಮೂರೂವರೆ ಲಕ್ಷ ರೂಪಾಯಿ. ಅದರಲ್ಲಿ ತಾಯಿಯ ಸರವನ್ನು ಮಾರಿದ ಹಣವೂ ಸೇರಿತ್ತು. ಚಿಕಿತ್ಸೆ ಮುಗಿಸಿ ನಿತ್ರಾಣರಾಗಿ ಬರುವ ಆ ತಾಯಿಯನ್ನು ಕೂರಿಸಿಕೊಂಡು ಕಾರು ಹೆಬ್ಬಾಳದ ಮೇಲ್ಸೇತುವೆಯ ನಡುವೆ ನಿಂತುಬಿಟ್ಟರೆ ಮಾಡುವುದೇನು? ನಾನು ಕೂಡಲೇ ಕನ್ನಡಕ ತೆಗೆದುಕೊಂಡು ಹೊರಟೆ.

ಕಾರು 2017ರ ಆಗಸ್ಟಿನದು, ಕೆಎ 50 ಎಂಬ ಯಲಹಂಕದ ನೋಂದಣಿ, ಒಬ್ಬನೇ ಮಾಲೀಕ. ಮೀಟರಿನಲ್ಲಿ 46,120 ಕಿಲೋಮೀಟರ್. ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು. ಮಾರಾಟದ ಮಧ್ಯವರ್ತಿ ಸರ್ವಿಸ್ ಪುಸ್ತಕವನ್ನು ಕೈಗಿತ್ತು, "ಪೂರ್ತಿ ದಾಖಲೆ ಇದೆ ಸಾರ್" ಎಂದ. ಹತ್ತು ಸಾವಿರಕ್ಕೊಂದರಂತೆ ನಾಲ್ಕು ಮೊಹರುಗಳು, ಪ್ರತಿಯೊಂದರ ಕೆಳಗೂ ದಿನಾಂಕ, ಸಹಿ. ವಿದ್ಯಾರ್ಥಿಯ ಮುಖ ಅರಳಿತು. ನನಗೆ ಮಾತ್ರ ಅದು ಹಿಡಿಸಲಿಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ಹಾಜರಿ ಪುಸ್ತಕಗಳನ್ನು ನೋಡಿದವನು ನಾನು. ದಿನದಿನವೂ ತುಂಬಿದ ಹಾಜರಿಗೂ, ಇನ್‌ಸ್ಪೆಕ್ಟರು ಬರುವ ಹಿಂದಿನ ರಾತ್ರಿ ಕುಳಿತು ತುಂಬಿದ ಹಾಜರಿಗೂ ಇರುವ ವ್ಯತ್ಯಾಸವನ್ನು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ವರ್ಷಗಳ ಅಂತರದಲ್ಲಿ ಬರೆದ ನಾಲ್ಕು ಸಾಲುಗಳಲ್ಲಿ ಶಾಯಿ ಒಂದೇ, ಓರೆ ಒಂದೇ, ಪೆನ್ನಿನ ಒತ್ತಡವೂ ಒಂದೇ. ಏಳು ವರ್ಷ ಕಾರಿನ ಡ್ಯಾಷ್‌ಬೋರ್ಡಿನಲ್ಲಿದ್ದ ಪುಸ್ತಕದ ಹಾಳೆಗಳ ಮೇಲೆ ಒಂದು ಎಣ್ಣೆಯ ಬೆರಳಚ್ಚೂ ಇರಲಿಲ್ಲ.

"ಇನ್ಷೂರೆನ್ಸ್ ಪತ್ರ ತೋರಿಸಿ" ಎಂದೆ. ಇಲ್ಲಿ ಸ್ವಲ್ಪ ಲೆಕ್ಕವಿದೆ, ದಯವಿಟ್ಟು ಬೇಸರಪಡಬೇಡಿ. ವರ್ಷವಿಡೀ ವಿಮೆಯಿಂದ ಪರಿಹಾರ ಕೇಳದಿದ್ದರೆ ಮರುವರ್ಷದ ಕಂತಿನಲ್ಲಿ ನೋ ಕ್ಲೇಮ್ ಬೋನಸ್ ಎಂಬ ರಿಯಾಯಿತಿ ಸಿಗುತ್ತದೆ. ಮೊದಲ ವರ್ಷಕ್ಕೆ ಶೇ. 20, ಬಳಿಕ 25, 35, 45, ಸತತ ಐದು ವರ್ಷಗಳಾದರೆ 50. ಪರಿಹಾರ ಪಡೆದರೆ ಮತ್ತೆ ಸೊನ್ನೆಯಿಂದ ಆರಂಭ. ವಿಮೆಯ ಅವಧಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೂ ಅಷ್ಟೇ. ಏಳು ವರ್ಷ ಒಬ್ಬನೇ ಮಾಲೀಕನ ಕೈಯಲ್ಲಿ ಸುಖವಾಗಿದ್ದ ಕಾರಿಗೆ ಶೇ. 50 ಇರಬೇಕಿತ್ತು, 2024ರ ಆಗಸ್ಟಿನ ಪತ್ರದಲ್ಲಿ ಇದ್ದುದು 25. ಹಿಂದಕ್ಕೆ ಎಣಿಸಿದರೆ 2023ರಲ್ಲಿ 20, 2022ರಲ್ಲಿ ಸೊನ್ನೆ. ವಿಮೆ ನಡುವೆ ತಪ್ಪಿಲ್ಲವಾದರೆ, 2021ರ ಆಗಸ್ಟಿನಿಂದ 2022ರ ಆಗಸ್ಟಿನೊಳಗೆ ಈ ಕಾರಿಗೆ ಏನೋ ಆಗಿದೆ. ಮಧ್ಯವರ್ತಿ, "ಬಂಪರ್ ತರಚಿತ್ತು ಸಾರ್" ಎಂದ.

ಈ ಭಾಗದಲ್ಲಿ ವಾಸಿಸುವವರಿಗೆ ಆ ಅವಧಿ ಎಂದೊಡನೆ ನೆನಪಾಗುವುದು ಮಳೆ. 2021ರ ನವೆಂಬರಿನಲ್ಲಿ ಯಲಹಂಕದ ಕೆರೆ ಉಕ್ಕಿ ಕೇಂದ್ರೀಯ ವಿಹಾರದ ವಸತಿ ಸಮುಚ್ಚಯಕ್ಕೆ ನೀರು ನುಗ್ಗಿತು. ಜನರನ್ನು ದೋಣಿಗಳಲ್ಲಿ ಹೊರತಂದರು. 2024ರ ಅಕ್ಟೋಬರಿನಲ್ಲಿ ಅದೇ ಕಥೆ ಮರುಕಳಿಸಿತು. ನಡುವೆ 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಕಡೆ ಬೆಲೆಬಾಳುವ ಕಾರುಗಳೂ ನೀರಿನಲ್ಲಿ ಮುಳುಗಿದ್ದನ್ನು ದೇಶವೆಲ್ಲ ನೋಡಿತು. ಬೆಂಕಿಯಾದರೋ ಕಾರನ್ನು ಸುಟ್ಟು ಮುಗಿಸಿಬಿಡುತ್ತದೆ. 2019ರ ಫೆಬ್ರವರಿ 23ರಂದು ಏರೋ ಇಂಡಿಯಾ ಪ್ರದರ್ಶನದ ವಾಹನ ನಿಲುಗಡೆಯಲ್ಲಿ ಬೆಂಕಿಗೆ ಸಿಕ್ಕ ಸುಮಾರು 300 ಕಾರುಗಳಲ್ಲಿ ಉಳಿದವು ಬರೀ ಕಬ್ಬಿಣದ ಅಸ್ಥಿಪಂಜರಗಳು. ನೀರು ಹಾಗಲ್ಲ. ತೊಳೆದು, ಒಣಗಿಸಿ, ಹೊಸ ಹಾಸು ಹಾಸಿದರೆ ಕಾರು ಮೊದಲಿನಂತೆಯೇ ಕಾಣುತ್ತದೆ. ತಂತಿಗಳ ಜೋಡಣೆಯ ಒಳಗೆ, ಏರ್‌ಬ್ಯಾಗಿನ ಸಂಪರ್ಕಗಳಲ್ಲಿ ತುಕ್ಕು ನಿಧಾನವಾಗಿ ಬೆಳೆಯುತ್ತದೆ.

ವಿದ್ಯಾರ್ಥಿಗೆ ಹೇಳಿ ಹಿಂಬದಿಯ ಸ್ಟೆಪ್ನಿಯನ್ನು ಎತ್ತಿಸಿದೆ. ಅದರ ಗುಂಡಿಯ ಅಂಚಿನಲ್ಲಿ, ಬೆರಳು ಹೋಗದ ಸಂದಿಯಲ್ಲಿ, ನುಣ್ಣನೆಯ ಒಣ ಮೆಕ್ಕಲು. ಮುಂದಿನ ಸೀಟು ಜಾರುವ ಕಂಬಿಗಳ ತಳದಲ್ಲಿ ತುಕ್ಕು. ನೋಂದಣಿ ಪತ್ರದಲ್ಲಿದ್ದ ವಿಳಾಸ ಹಿಡಿದು ಅಂದು ಸಂಜೆ ಮಾಲೀಕರನ್ನೇ ಕಂಡೆವು. ಸಜ್ಜನರು, ಏನನ್ನೂ ಮುಚ್ಚಿಡಲಿಲ್ಲ. "ನೀರು ಸೀಟಿನ ಮಟ್ಟಕ್ಕೆ ಬಂದಿತ್ತು. ಮಧ್ಯವರ್ತಿಗೆ ಹೇಳಿಯೇ ಕೊಟ್ಟಿದ್ದೇನೆ" ಎಂದರು. ಅವರ ಒಪ್ಪಿಗೆಯ ಮೇಲೆ ಸರ್ವಿಸ್ ಕೇಂದ್ರದ ಗಣಕಯಂತ್ರದಿಂದ ಕಾರಿನ ಇತಿಹಾಸವನ್ನು ಮುದ್ರಿಸಿ ಪಡೆದೆವು. 2021ರ ಡಿಸೆಂಬರ್, 61,340 ಕಿಲೋಮೀಟರ್: ನೆಲಹಾಸು, ತಂತಿಗಳ ಜೋಡಣೆ, ಎ.ಸಿ. ಬ್ಲೋವರ್, ಸ್ಟಾರ್ಟರ್ ಮೋಟರ್. ಪಟ್ಟಿಯ ಕೊನೆಯಲ್ಲಿ ಮೀಟರ್ ಫಲಕ.

ಈ ಕೊನೆಯ ಬಾಬ್ತಿನ ಮೇಲೆ ನನ್ನ ಕಣ್ಣು ನಿಂತಿತು. ಮೀಟರನ್ನು ಯಾರೂ ಹಿಂದಕ್ಕೆ ತಿರುಗಿಸಿರಲಿಲ್ಲ. ಹೊಸ ಫಲಕ ಸೊನ್ನೆಯಿಂದ ಎಣಿಸಲು ಆರಂಭಿಸಿತ್ತು, ಅಷ್ಟೇ. 61,340ಕ್ಕೆ 46,120 ಕೂಡಿಸಿದರೆ 1,07,460. ಮಧ್ಯವರ್ತಿಯ ಪುಸ್ತಕದ ಅಚ್ಚುಕಟ್ಟಾದ ನಾಲ್ಕು ಮೊಹರುಗಳು ಈ ಮೊತ್ತವನ್ನು ಮರೆಸಲಿಕ್ಕಾಗಿ ಹುಟ್ಟಿದವು.

ಸರಕಾರದ ವಾಹನ್ ದಾಖಲೆಯಲ್ಲಿ ನೋಡಿದರೆ ಸಾಲದೇ ಎಂದು ನೀವು ಕೇಳಬಹುದು. ಅದನ್ನೂ ನೋಡಲೇಬೇಕು. ಎಷ್ಟನೆಯ ಮಾಲೀಕ, ಬ್ಯಾಂಕಿನ ಸಾಲ ತೀರಿದೆಯೇ, ವಿಮೆ ಎಂದಿನವರೆಗೆ ಎಂಬುದೆಲ್ಲ ಅಲ್ಲಿ ತಿಳಿಯುತ್ತದೆ. ಎಣ್ಣೆ ಬದಲಿಸಿದರೇ, ಕಾರು ಎಷ್ಟು ಓಡಿತು ಎಂಬುದು ತಿಳಿಯುವುದಿಲ್ಲ. ಇಂಗ್ಲೆಂಡಿನಲ್ಲಿ ಮೂರು ವರ್ಷ ದಾಟಿದ ಕಾರಿಗೆ ಪ್ರತಿವರ್ಷ ಎಂ.ಓ.ಟಿ. ಎಂಬ ಪರೀಕ್ಷೆ ಕಡ್ಡಾಯ. ಆಗ ಮೀಟರಿನಲ್ಲಿದ್ದ ಮೈಲಿ ಎಷ್ಟೆಂಬುದನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ಪುಕ್ಕಟೆ ನೋಡಬಹುದು. ನಮ್ಮಲ್ಲಿ ಖಾಸಗಿ ಕಾರು 15 ವರ್ಷ ತುಂಬುವವರೆಗೆ ಅಂಥ ತಪಾಸಣೆಗೆ ಹೋಗಬೇಕಾಗಿಲ್ಲ. ಹಳೆಯ ವಾಹನಗಳ ವ್ಯಾಪಾರಿಗಳು ಅಧಿಕೃತ ಪರವಾನಗಿ ಪಡೆಯಬೇಕು, ತಮ್ಮಲ್ಲಿರುವ ವಾಹನದ ಓಡಾಟವನ್ನು ದಾಖಲಿಸಬೇಕು ಎಂಬ ನಿಯಮ 2023ರ ಏಪ್ರಿಲಿನಿಂದ ಬಂದಿದೆ, ನಿಜ. ಆದರೆ ಅದು ಕಾರು ವ್ಯಾಪಾರಿಯ ಕೈಗೆ ಬಂದ ಮೇಲಿನ ಮಾತು.

ಆ ಕಾರನ್ನು ಬಿಟ್ಟೆವು. ಮಧ್ಯವರ್ತಿ ನಲವತ್ತು ಸಾವಿರ ಇಳಿಸುತ್ತೇನೆಂದು ಎರಡು ಸಲ ದೂರವಾಣಿ ಮಾಡಿದ. ವಿದ್ಯಾರ್ಥಿಯ ಮನಸ್ಸು ಹೊಯ್ದಾಡಿತು, ಪಾಪ, ನಾನು ಕದಲಲಿಲ್ಲ.

ಮೂರು ವಾರಗಳ ತರುವಾಯ ಸಹಕಾರನಗರದಲ್ಲಿ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರ ಕಾರು ನೋಡಿದೆವು. 2016ರದು, 84,000 ಓಡಿತ್ತು, ಎಡಬಾಗಿಲಿಗೆ ತರಚು. ಅವರು ಮೊದಲು ತಂದಿಟ್ಟದ್ದು ಪ್ಲಾಸ್ಟಿಕ್ ಚೀಲದ ತುಂಬ ರಸೀದಿಗಳನ್ನು. ಪ್ರತಿ ರಸೀದಿಯ ಕಿಲೋಮೀಟರನ್ನೂ ಕಾಗದದ ಮೇಲೆ ಇಳಿಸಿಕೊಂಡೆ. ಏರಿಕೆ ಎಲ್ಲಿಯೂ ತಪ್ಪಿರಲಿಲ್ಲ. 2020ರಲ್ಲಿ ಮಾತ್ರ ವರ್ಷವಿಡೀ ಎರಡು ಸಾವಿರವೂ ಓಡಿಲ್ಲ. ಕೊರೋನಾ ಕಾಲ, ಓಡಿದ್ದರೇ ಅನುಮಾನಿಸಬೇಕಿತ್ತು. ಒಂದು ರಸೀದಿಯಲ್ಲಿ "ಬ್ರೇಕ್ ಪ್ಯಾಡ್ ಸವೆದಿದೆ, ಗ್ರಾಹಕರು ಮುಂದಕ್ಕೆ ಹಾಕಿದ್ದಾರೆ" ಎಂದಿತ್ತು. ಮುಂದಿನ ರಸೀದಿಯಲ್ಲಿ ಪ್ಯಾಡ್ ಬದಲಾಗಿತ್ತು. 62,000ಕ್ಕೆ ಕ್ಲಚ್, ಅದಕ್ಕೊಂದು ದೊಡ್ಡ ಬಿಲ್ಲು. ಟೈರಿನ ಮೇಲೆ 2322 ಎಂಬ ಅಂಕಿ, ಎಂದರೆ 2022ರ 23ನೆಯ ವಾರದಲ್ಲಿ ತಯಾರಾದದ್ದು. ಟೈರು ಕೊಂಡ ರಸೀದಿ ಅದೇ ವರ್ಷದ ಆಗಸ್ಟಿನದು. ಇಷ್ಟು ಕುಂದುಕೊರತೆಗಳನ್ನು ಒಪ್ಪಿಕೊಂಡ ದಾಖಲೆಯನ್ನು ನಂಬದಿರುವುದು ಕಷ್ಟ.

ಬೆಲೆ ಮೂರು ಲಕ್ಷದ ಮೂವತ್ತು ಸಾವಿರಕ್ಕೆ ಕುದುರಿತು. ವರ್ಗಾವಣೆಯ 29 ಮತ್ತು 30ನೆಯ ನಮೂನೆಗಳಿಗೆ ಅಂದೇ ಸಹಿಯಾಯಿತು. ವಿಮೆಯನ್ನು 14 ದಿನಗಳೊಳಗೆ ಹೆಸರಿಗೆ ಮಾಡಿಸಿಕೊಂಡ. ಹಿಂದಿನವರ ಬೋನಸ್ಸು ಕಾರಿನೊಂದಿಗೆ ಬರುವುದಿಲ್ಲ, ಅದು ವ್ಯಕ್ತಿಗೆ ಸೇರಿದ್ದು. ಆದುದರಿಂದ ಕಂತಿನ ವ್ಯತ್ಯಾಸವನ್ನು ಅವನೇ ಕಟ್ಟಬೇಕಾಯಿತು. ಉಳಿದ ಹಣದಲ್ಲಿ ಬ್ರೇಕ್ ಆಯಿಲ್ ಮತ್ತು ಕೂಲೆಂಟ್ ಬದಲಿಸಿ, ಆ ರಸೀದಿಯನ್ನು ಅದೇ ಪ್ಲಾಸ್ಟಿಕ್ ಚೀಲಕ್ಕೆ ಸೇರಿಸಿ, ಮರುದಿನ ಬೆಳಗಿನ ಆರಕ್ಕೆ ತಾಯಿಯನ್ನು ಹೆಬ್ಬಾಳಕ್ಕೆ ಕರೆದೊಯ್ದ.